ನಗೆಗೀಡಾದ ಅಕ್ಷರ

ಮದುವೆ ಕಾರ್ಡು, ಶಾಲೆ ನೋಟೀಸು, ಅಂಗಡಿ ಬಾಗಿಲ ಚೀಟಿ, ಎಲ್ಲಾ ಕಡೆ ಕೈಬರಹದಂಗ ಕಾಣೋ ಒಂದು ದುಂಡನೆಯ ಇಂಗ್ಲಿಷ್ ಅಕ್ಷರ ನೋಡೀವಿ. ಹೆಸರು ಕಾಮಿಕ್ ಸಾನ್ಸ್. ಹುಟ್ಟಿದ್ದು 1994ರಲ್ಲಿ, ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯಲ್ಲಿ. ಹೊಸಬರಿಗಾಗಿ ತಯಾರಾಗುತ್ತಿದ್ದ ‘ಬಾಬ್’ ಎಂಬ ತಂತ್ರಾಂಶದಲ್ಲಿ ಕಾರ್ಟೂನ್ ನಾಯಿಯ ಮಾತು ಪತ್ರಿಕೆಯ ಬಿಗಿ ಅಕ್ಷರದಲ್ಲಿತ್ತು. ಇದು ಹೊಂದೂದಿಲ್ಲ ಅಂತ ವಿನ್ಸೆಂಟ್ ಕೊನೇರ್ ಕಾಮಿಕ್ ಪುಸ್ತಕಗಳ ಕೈಬರಹ ನೋಡಿ ಹೊಸ ಅಕ್ಷರ ರೂಪಿಸಿದರು. ಬಾಬ್‌ನಲ್ಲಿ ಅದು ಅಳತೆಗೆ ಕೂಡಲಿಲ್ಲ. ಆದರೆ ವಿಂಡೋಸ್ ಜೊತೆಗೆ ಜಗತ್ತೆಲ್ಲ ಹರಡಿತು.

ಹರಡಿದಂಗ ನಗುವವರೂ ಹೆಚ್ಚಿದರು. ನಿಷೇಧಿಸಿ ಎಂದು ಅಮೆರಿಕದ ವಿನ್ಯಾಸಕ ದಂಪತಿ ಚಳವಳಿಯನ್ನೇ ನಡೆಸಿದರು. 2012ರ ಜುಲೈ 4ರಂದು ವಿಜ್ಞಾನಿ ಫಾಬಿಯೋಲಾ ಜಾನೊಟ್ಟಿ ಹಿಗ್ಸ್ ಕಣದ ಶೋಧವನ್ನು ಇದೇ ಅಕ್ಷರದಲ್ಲಿ ತೋರಿಸಿದಾಗ, ಶೋಧ ಬಿಟ್ಟು ಅಕ್ಷರವನ್ನೇ ಆಡಿಕೊಂಡವರಿದ್ದರು. ಇತ್ತ ಬ್ರಿಟನ್ನಿನ ಡಿಸ್ಲೆಕ್ಸಿಯಾ ಸಂಘ, ಓದಲು ತೊಡಕಾಗುವವರಿಗೆ ಅನುಕೂಲವಾದ ಅಕ್ಷರಗಳಲ್ಲಿ ಇದನ್ನೂ ಹೆಸರಿಸಿದೆ.

ಗೆಳೆಯರೇ, ಅಕ್ಷರದ ಅಂದಚೆಂದಕ್ಕೆ ನಗೋದು ಓದು ಸಲೀಸಾಗಿ ದಕ್ಕಿದವರಿಗೆ ಸುಲಭ. ಅಕ್ಷರಕ್ಕಾಗಿ ಬಾಗಿಲ ಹೊರಗ ಕಾದವರ ಮಕ್ಕಳು ನಾವು. ಓಣಿಯಲ್ಲಿ ಬ್ಯಾನರ್ ಕಟ್ಟುವಾಗ ನಾವು ಮೊದಲು ಕೇಳಬೇಕಾದ್ದು ಇಷ್ಟೇ: ಈಗಷ್ಟೇ ಓದು ಕಲಿತ ನಮ್ಮ ಅವ್ವನಿಗೆ ಇದು ತಿಳೀತದೇನು?