ಕರೆಂಟು ಮರಳಿದ ಮೇಲೆ: ಪಿಎಲ್‌ಸಿಗಳ ನೆನಪು, ಮರೆವುಗಳ ಚರಿತ್ರೆ

ಕಾರ್ಖಾನೆಯ ನಿಯಂತ್ರಕಗಳ (ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್, ಅಂದರೆ ಪಿಎಲ್‌ಸಿ) ಚರಿತ್ರೆ ಬರೆಯುವವರು ಹೆಚ್ಚಾಗಿ ವೇಗ, ಗಾತ್ರ, ಬೆಲೆಗಳನ್ನೇ ಹಿಂಬಾಲಿಸುತ್ತಾರೆ. ಕರೆಂಟು ಹೋಗಿ ಬಂದಾಗ ಅವು ಏನು ಮಾಡುತ್ತಿದ್ದವು ಎಂದು ಹುಡುಕಹೊರಟರೆ ಬೇರೆಯೇ ಚರಿತ್ರೆ ಸಿಗುತ್ತದೆ.

ರಿಲೇಗಳ ಕಾಲದಲ್ಲಿ ಇದಕ್ಕೆ ಉತ್ತರ ವೈರಿಂಗ್‌ನಲ್ಲೇ ಇತ್ತು. ಸ್ಟಾರ್ಟ್ ಗುಂಡಿ ಒತ್ತಿದರೆ ಕಾಂಟ್ಯಾಕ್ಟರ್ ಎಳೆದುಕೊಳ್ಳುತ್ತದೆ; ಗುಂಡಿ ಬಿಟ್ಟ ಮೇಲೆ ಅದರದೇ ಹೋಲ್ಡಿಂಗ್ ಕಾಂಟ್ಯಾಕ್ಟ್ ಅದನ್ನು ಹಿಡಿದಿಡುತ್ತದೆ. ಕರೆಂಟು ಹೋದರೆ ಆ ಹಿಡಿತ ಬಿಡುತ್ತದೆ. ಮರಳಿ ಬಂದರೂ ಯಾರಾದರೂ ಗುಂಡಿ ಒತ್ತುವ ತನಕ ಮೋಟಾರು ತಿರುಗದು. ಮರೆವೇ ಇಲ್ಲಿ ರಕ್ಷಣೆ. ನಮ್ಮ ಪಂಪ್‌ಸೆಟ್ ಸ್ಟಾರ್ಟರಿನಲ್ಲಿರುವುದೂ ಇದೇ ಏರ್ಪಾಡು. ತ್ರೀ ಫೇಸ್ ಅಪರಾತ್ರಿಯಲ್ಲಿ ಬರುವ ಊರುಗಳ ರೈತರು ಆಟೋ ಸ್ಟಾರ್ಟರ್ ಜೋಡಿಸಿ ಈ ರಕ್ಷಣೆಯನ್ನು ಬೇಕೆಂದೇ ಬದಿಗಿಡುತ್ತಾರೆ. ಕೊಳವೆಬಾವಿಗೆ ಅದು ನಡೆದೀತು, ಕಾರ್ಖಾನೆಯ ಪ್ರೆಸ್ಸಿಗೆ ನಡೆಯದು.

1968ರಲ್ಲಿ ಜನರಲ್ ಮೋಟರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗ ರಿಲೇ ಪ್ಯಾನೆಲ್‌ಗಳಿಗೆ ಬದಲಿ ಕೇಳಿತು. ಡಿಕ್ ಮಾರ್ಲಿಯವರ ಬೆಡ್‌ಫರ್ಡ್ ಅಸೋಸಿಯೇಟ್ಸ್ ಕೊಟ್ಟ ಉತ್ತರ ಮಾಡಿಕಾನ್ 084 ಎಂಬ ಪಿಎಲ್‌ಸಿ. ಸಂಸ್ಥೆಯ 84ನೇ ಯೋಜನೆಯಾದ್ದರಿಂದ ಆ ಹೆಸರು. ಅದರಲ್ಲಿದ್ದದ್ದು ಕೋರ್ ಮೆಮೊರಿ. ಫೆರೈಟ್ ಉಂಗುರಗಳು ಕಾಂತೀಯ ದಿಕ್ಕನ್ನು ಕರೆಂಟಿಲ್ಲದೆಯೂ ಉಳಿಸಿಕೊಳ್ಳುತ್ತವೆ, ಹಾಗಾಗಿ ಪ್ರೋಗ್ರಾಮ್ ಅಳಿಯುತ್ತಿರಲಿಲ್ಲ. ಮುಂದೆ ಬಂದ ಅಗ್ಗದ ಅರೆವಾಹಕ ಮೆಮೊರಿ ಕರೆಂಟು ಹೋದೊಡನೆ ಎಲ್ಲವನ್ನೂ ಮರೆಯುತ್ತಿತ್ತು. ಅದಕ್ಕೆ ಬ್ಯಾಟರಿ ಕಟ್ಟಿದರು. ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂಬುದು ಅಲ್ಲಿಂದಾಚೆಗೆ ಪ್ರೋಗ್ರಾಮ್ ಬರೆಯುವವರ ಹೊಣೆಯಾಯಿತು. ಆಲನ್-ಬ್ರಾಡ್ಲಿ ನಿಯಂತ್ರಕಗಳಲ್ಲಿ ಪ್ರೋಗ್ರಾಮಿನ ಮೊದಲ ಸುತ್ತಿಗೆ (ಸ್ಕ್ಯಾನ್) ಮುನ್ನ ನಡೆಯುವ ಪ್ರೀಸ್ಕ್ಯಾನ್ ಸಾಮಾನ್ಯ ಔಟ್‌ಪುಟ್‌ಗಳನ್ನು ಸೊನ್ನೆಗೆ ತರುತ್ತದೆ, ಲ್ಯಾಚ್ ಮಾಡಿದವನ್ನು, ಅಂದರೆ ಬಿಡಿಸುವ ತನಕ ಹಿಡಿದಿಡುವವನ್ನು, ಮುಟ್ಟುವುದಿಲ್ಲ. ಮೋಟಾರಿನ ಆಜ್ಞೆಯನ್ನೇ ಲ್ಯಾಚ್‌ಗೆ ಕೊಟ್ಟರೆ ರಿಲೇಯ ರಕ್ಷಣೆ ಕೈಬಿಟ್ಟಂತೆ.

ಸೀಮೆನ್ಸ್ ನಿಯಂತ್ರಕ ಮತ್ತೆ ಚಾಲೂ ಆಗುವ ಗಳಿಗೆಗೇ ಪ್ರತ್ಯೇಕ ಆರ್ಗನೈಸೇಷನ್ ಬ್ಲಾಕ್‌ಗಳನ್ನು (ಒಬಿ) ಮೀಸಲಿಟ್ಟಿತು. ಅದರ ಎಸ್5 ಸರಣಿಯಲ್ಲಿ ಕೈಯಾರೆ ಚಾಲೂ ಮಾಡಿದರೆ ಒಬಿ21, ಕರೆಂಟು ಮರಳಿದರೆ ಒಬಿ22. ಎಸ್7-400ರಲ್ಲಿ ವಾರ್ಮ್, ಹಾಟ್, ಕೋಲ್ಡ್ ರೀಸ್ಟಾರ್ಟ್‌ಗಳಿಗೆ ಕ್ರಮವಾಗಿ ಒಬಿ100, 101, 102. ವಾರ್ಮ್‌ನಲ್ಲಿ ಉಳಿಸಬೇಕಾದ ಮೌಲ್ಯಗಳು ಉಳಿದು ಪ್ರೋಗ್ರಾಮ್ ಮೊದಲಿನಿಂದ ಓಡುತ್ತದೆ. ಕೋಲ್ಡ್‌ನಲ್ಲಿ ಅವೂ ಆರಂಭದ ಸ್ಥಿತಿಗೆ ಬರುತ್ತವೆ. ಹಾಟ್‌ನಲ್ಲಿ ನಿಂತ ಜಾಗದಿಂದಲೇ ಮುಂದುವರಿಕೆ. ಕೇಳಲು ಚೆನ್ನ, ಆದರೆ ಅಷ್ಟರಲ್ಲಿ ಯಂತ್ರದ ಸುತ್ತ ಏನೂ ಬದಲಾಗಿಲ್ಲ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಒತ್ತಡ ಇಳಿದಿರಬಹುದು, ಬಿಡಿಭಾಗ ಜಾರಿರಬಹುದು. ಐಇಸಿ 61131 ಮಾನದಂಡವೂ ಹಾಟ್ ರೀಸ್ಟಾರ್ಟ್‌ಗೆ ಕಾಲಮಿತಿಯ ಷರತ್ತು ಹಾಕಿದೆ. ಎಸ್7-1500ರಲ್ಲಿ ಆ ಆಯ್ಕೆಯೇ ಇಲ್ಲ.

ನಿಯಂತ್ರಕ ನಿಂತಾಗ ಔಟ್‌ಪುಟ್ ಸೊನ್ನೆಯಾದರೆ ಕ್ಷೇಮ ಎಂಬುದೂ ಎಲ್ಲೆಡೆ ನಿಜವಲ್ಲ. ಗುಜರಿ ಕಬ್ಬಿಣ ಎತ್ತುವ ವಿದ್ಯುತ್ಕಾಂತಕ್ಕೆ ಸೊನ್ನೆಯೆಂದರೆ ಹೊರೆ ಕೆಳಗೆ ಬಿದ್ದಂತೆ. ಅಂಥಲ್ಲಿ ನಿಯಂತ್ರಕ ನಿಂತರೂ ಕೊನೆಯ ಸ್ಥಿತಿ ಉಳಿಯುವಂತೆ ಮಾಡಿ, ಕಾಂತಕ್ಕೆ ಬೇರೆಯೇ ಬ್ಯಾಟರಿ ಕೊಡುತ್ತಾರೆ.