ವಾರಸುದಾರರಿಲ್ಲದ ದೇಸಾಯಿ, ಅವರ ಹೆಸರಿನ ಕಾಲೇಜು

ಬೆಳಗಾವಿ ಸೀಮೆಯಲ್ಲಿ ದತ್ತಕ ಎಂಬುದು ಮನೆಯೊಳಗಿನ ಸಂಗತಿಯಾಗಿಯೇ ಉಳಿದದ್ದು ಕಡಿಮೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ಸಾಯುವ ಮುನ್ನ ಅವನು ದತ್ತು ತೆಗೆದುಕೊಂಡಿದ್ದ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಮುಂದಿನದು ಶಾಲೆಯ ಮಕ್ಕಳಿಗೂ ಬಾಯಿಪಾಠ: ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನಲ್ಲೇ ಸತ್ತ, ಡಿಸೆಂಬರಿನಲ್ಲಿ ಕೋಟೆ ಬಿತ್ತು, ಕಾಕತಿಯ ಮಗಳು, ಕಿತ್ತೂರಿನ ರಾಣಿ ಚನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಕಣ್ಣುಮುಚ್ಚಿದಳು. ಅದೇ ದತ್ತು ಮಗನನ್ನು ಗಾದಿಗೆ ತರಲು ದಂಡು ಕಟ್ಟಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಒಬ್ಬ ಹುಡುಗನ ವಾರಸು ಹಕ್ಕು ಒಂದು ಸಂಸ್ಥಾನವನ್ನೇ ನುಂಗಿತು.

ಬೆಳಗಾವಿಯ ಲಿಂಗರಾಜ ಕಾಲೇಜಿನ ಚರಿತ್ರೆಯನ್ನು ಕಿತ್ತೂರಿನಿಂದ ಆರಂಭಿಸುವುದು ಕೆಲವರಿಗೆ ಸುತ್ತುದಾರಿ ಅನ್ನಿಸಬಹುದು. ನನಗೆ ಹಾಗೆ ಕಾಣುವುದಿಲ್ಲ. ಕಾಲೇಜಿಗೆ ಹೆಸರು ಕೊಟ್ಟ ಸಿರಸಂಗಿ ಲಿಂಗರಾಜ ದೇಸಾಯಿಯವರೂ ದತ್ತಕ ಬಂದವರೇ. 1861ರ ಜನವರಿ 10ರಂದು ಶಿಗ್ಲಿಯಲ್ಲಿ ಹುಟ್ಟಿದ ಹುಡುಗ ಸಿರಸಂಗಿಯ ವಾಡೆಗೆ ಬಂದು ಜಾಯಪ್ಪ ದೇಸಾಯಿಯವರ ಮನೆತನದ ಮಗನಾದ. ಸವದತ್ತಿ ಸೀಮೆಯ ಸಿರಸಂಗಿ ಹೊರಗಿನವರಿಗೆ ಕಾಳಮ್ಮನ ಗುಡಿಯಿಂದ ಗೊತ್ತು. ನವಲಗುಂದ-ಸಿರಸಂಗಿ ದೇಸಗತಿಯಾಗಿ ಅದು ದೊಡ್ಡ ಆಸ್ತಿಯ ಮನೆ. ದೊರೆತನದ ಅಧಿಕಾರ ಅಷ್ಟೊತ್ತಿಗೆ ಕಂಪನಿ ಸರಕಾರದ ಕೈಗೂ ಅಲ್ಲಿಂದ ವಿಕ್ಟೋರಿಯಾ ರಾಣಿಯ ಕೈಗೂ ದಾಟಿಹೋಗಿತ್ತು. ದೇಸಾಯರ ಪಾಲಿಗೆ ಉಳಿದದ್ದು ಹೊಲ ಮತ್ತು ಮರ್ಯಾದೆ.

ಆ ಕಾಲದ ಎಷ್ಟೋ ದೇಸಾಯರು ಹೊಲವನ್ನು ಕೋರ್ಟಿಗೆ ಸುರಿದು ಮರ್ಯಾದೆಯೊಂದನ್ನೇ ಹೊದ್ದುಕೊಂಡು ಕೂತರು. ಲಿಂಗರಾಜರು ಹೊರಗೆ ಬಂದರು. 1904ರಲ್ಲಿ ಧಾರವಾಡದಲ್ಲಿ ಸೇರಿದ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾದರು. 1906ರ ಆಗಸ್ಟ್ 23ರಂದು ತೀರಿಕೊಂಡಾಗ ಅವರಿಗೆ ಇನ್ನೂ ನಲವತ್ತಾರು ತುಂಬಿರಲಿಲ್ಲ. ಸಂತಾನವಿರಲಿಲ್ಲ. ರೂಢಿಯಂತೆ ಇನ್ನೊಬ್ಬ ಹುಡುಗನನ್ನು ಮಡಿಲಿಗೆ ಹಾಕಿಕೊಳ್ಳಬಹುದಿತ್ತು. ತಾವೇ ಹಾಗೆ ಬಂದವರು. ಆ ದಾರಿ ಬಿಟ್ಟು, ಇಡೀ ಆಸ್ತಿ ಲಿಂಗಾಯತ ಹುಡುಗರ ವಿದ್ಯೆಗೆ ಸಲ್ಲಬೇಕೆಂದು ಮೃತ್ಯುಪತ್ರ ಬರೆದರು.

ಇಂಥದ್ದೇ ಕಥೆ ದೂರದ ಹವಾಯಿ ದ್ವೀಪಗಳಲ್ಲೂ ನಡೆದಿದೆ. ಅಲ್ಲಿಯ ಕಮೆಹಮೆಹ ರಾಜವಂಶದ ಪೌಆಹಿ 1872ರಲ್ಲಿ ಸಿಂಹಾಸನವನ್ನೇ ಬೇಡವೆಂದವಳು. 1884ರಲ್ಲಿ ಸಾಯುವಾಗ ಅವಳಿಗೂ ಮಕ್ಕಳಿರಲಿಲ್ಲ. ಸುಮಾರು 3,75,000 ಎಕರೆ ಭೂಮಿಯನ್ನು ಶಾಲೆಗಳಿಗೆಂದು ಬರೆದಿಟ್ಟಳು. 1887ರಲ್ಲಿ ಆ ಶಾಲೆ ತೆರೆಯಿತು. ಪೌಆಹಿಯ ತಂದೆತಾಯಿ ಅಲ್ಲಿಯ ಪದ್ಧತಿಯಂತೆ ಸಾಕುಮಗಳಾಗಿ ಬೆಳೆಸಿದ ಲಿಲಿಯುಓಕಲಾನಿ ಮುಂದೆ ರಾಣಿಯಾದಳು. 1893ರಲ್ಲಿ ಪದಚ್ಯುತಳಾಗಿ, 1895ರಲ್ಲಿ ತನ್ನದೇ ಅರಮನೆಯ ಕೋಣೆಯಲ್ಲಿ ಸೆರೆಯಾದಳು. 1909ರಲ್ಲಿ ಅನಾಥ ಮಕ್ಕಳಿಗಾಗಿ ದತ್ತಿ ಮಾಡಿದಳು. ಚನ್ನಮ್ಮನ ಪಾಡು, ಲಿಂಗರಾಜರ ಪತ್ರ ಎರಡೂ ಒಬ್ಬಳಲ್ಲೇ ಸೇರಿದಂತೆ. 

ಕಾಲೇಜು ಹುಟ್ಟಿದ್ದು ಲಿಂಗರಾಜರು ತೀರಿಕೊಂಡು ಇಪ್ಪತ್ತೇಳು ವರ್ಷಗಳ ಮೇಲೆ. ನಡುವೆ 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಎದ್ದಿತು. ಅದನ್ನು ಕಟ್ಟಿದ ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಬಿ.ಬಿ. ಮಮದಾಪುರ ಮೊದಲಾದ ಏಳು ಜನರನ್ನು ಈ ಭಾಗದಲ್ಲಿ ಸಪ್ತರ್ಷಿಗಳೆಂದೇ ಕರೆಯುತ್ತಾರೆ. ಮೊದಲು ಹೈಸ್ಕೂಲು, ಅದಕ್ಕೆ ಗಿಲಗಂಚಿ ಗುರುಸಿದ್ಧಪ್ಪ ಮತ್ತು ಅರಟಾಳ ರುದ್ರಗೌಡರ ಹೆಸರು. 1933ರಲ್ಲಿ ಅದೇ ಸಂಸ್ಥೆಯಿಂದ ಲಿಂಗರಾಜ ಕಾಲೇಜು. ಅದಕ್ಕೆ ಮುಂಚೆ ಖಾನಾಪುರದ ಬೀಡಿ, ಇಟಗಿ, ಪಾರಿಶ್ವಾಡದ ಕಡೆಯ ಹುಡುಗ ಪದವಿ ಓದಬೇಕೆಂದರೆ ಧಾರವಾಡಕ್ಕೋ ಕೊಲ್ಹಾಪುರಕ್ಕೋ ಪುಣೆಗೋ ಗಂಟು ಕಟ್ಟಬೇಕಿತ್ತು. ಖರ್ಚು ಕೇಳಿಯೇ ಅಪ್ಪಂದಿರು ಅವನನ್ನು ಹೊಲಕ್ಕೆ ಕಳಿಸುತ್ತಿದ್ದರು. ಮುಂದೆ ವಿಜ್ಞಾನದ ಕಾಲೇಜಿಗೆ ವಂಟಮುರಿಯ ರಾಜಾ ಲಖಮಗೌಡರ ಹೆಸರು ಬಂತು. ಹಿಡಕಲ್ ಜಲಾಶಯಕ್ಕಿರುವುದೂ ಅವರದೇ ಹೆಸರು. ಸಂ.ಶಿ. ಭೂಸನೂರಮಠರು ಕನ್ನಡ ಕಲಿಸಿದ್ದು, ಘೋಡಗೇರಿಯಿಂದ ಬಂದ ಚಂದ್ರಶೇಖರ ಕಂಬಾರರು ಬಿ.ಎ. ಓದಿದ್ದು ಲಿಂಗರಾಜ ಕಾಲೇಜಿನಲ್ಲೇ. ಸ್ಮರಣ ಸಂಚಿಕೆಗಳಲ್ಲಿ ಅಧ್ಯಕ್ಷರ ಭಾವಚಿತ್ರಗಳಿಗೆ ಸಿಗುವ ಪುಟಗಳು ಇಂಥ ಮೇಷ್ಟ್ರಿಗೂ ಶಿಷ್ಯರಿಗೂ ಸಿಗಬೇಕಿತ್ತು.

ಒಂದು ಮಾತನ್ನು ಮುಚ್ಚಿಡಬಾರದು. ಲಿಂಗರಾಜರ ದತ್ತಿ ಒಂದು ಸಮುದಾಯದ ಮಕ್ಕಳಿಗೆ. ಪೌಆಹಿಯ ಶಾಲೆಯೂ ಮೂಲನಿವಾಸಿ ಮಕ್ಕಳಿಗೇ ಮೊದಲ ಮಣೆ ಹಾಕುತ್ತದೆ, ಅದು ಅಮೆರಿಕದ ನ್ಯಾಯಾಲಯಗಳಲ್ಲಿ ಪ್ರಶ್ನೆಗೂ ಒಳಗಾಗಿದೆ. ನಮ್ಮಲ್ಲಿ ಆ ತಕರಾರು ಅಷ್ಟು ಬೆಳೆಯದಿರಲು ಕಾಲೇಜೇ ಕಾರಣ: ದತ್ತಿ ಯಾರಿಗೇ ಇರಲಿ, ತರಗತಿಯಲ್ಲಿ ಕನ್ನಡದವರು, ಮರಾಠಿಯವರು, ಎಲ್ಲ ಜಾತಿಯವರು ಒಂದೇ ಬೆಂಚಿನಲ್ಲಿ ಕೂತರು. ಗಡಿಯ ಜಗಳ ಕಾವೇರಿದ ವರ್ಷಗಳಲ್ಲೂ ಕೂತರು.

ಕಾಲೇಜು ಮೊದಲು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು, ಅದು ಬಿಟ್ಟ ಮೇಲೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ. 2010ರಲ್ಲಿ ಬೆಳಗಾವಿಯಲ್ಲೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಕಾಲೇಜು ಅದರ ವ್ಯಾಪ್ತಿಗೆ ಬಂತು. ದತ್ತಕಕ್ಕಾಗಿ ಕಾದಾಡಿದವಳ ಹೆಸರಿನ ವಿಶ್ವವಿದ್ಯಾಲಯ, ದತ್ತಕ ಬಂದವರ ಹೆಸರಿನ ಕಾಲೇಜು. ನಂದಗಡದ ಹುಡುಗಿ ಇಲ್ಲಿ ಪದವಿ ಮುಗಿಸಿದರೆ ಎರಡೂ ಹೆಸರು ಅವಳ ಪಾಲಿಗೆ ಬರುತ್ತವೆ.

2033ಕ್ಕೆ ಕಾಲೇಜಿಗೆ ನೂರು ತುಂಬುತ್ತದೆ. ಆಗಿನ ಸಂಚಿಕೆಯಲ್ಲಿ ಮಂತ್ರಿಗಳ ಶುಭಸಂದೇಶಗಳನ್ನು ಹಿಂದಕ್ಕೆ ತಳ್ಳಿ, ಮೊದಲ ಪುಟದಿಂದಲೇ ಲಿಂಗರಾಜರ ಮೃತ್ಯುಪತ್ರವನ್ನು ಪೂರ್ತಿಯಾಗಿ, ಕನ್ನಡದಲ್ಲಿ, ಅಚ್ಚು ಹಾಕಬೇಕೆಂಬುದು ನನ್ನ ಬೇಡಿಕೆ.