ಇಲಿಗಿಂತ ಮೊದಲು ಚಿಗಟ

ವೈನಿ, ಅಕ್ಕಾರ, ಟೈಫಸ್ ಅಂದಕೂಡ್ಲೆ ನಾವು ಟೈಫಾಯ್ಡ್ ಅಂತ ತಿಳ್ಕೋತೀವಿ. ಹೆಸರು ಹತ್ತಿರ, ರೋಗ ಬ್ಯಾರೆ. ಟೈಫಾಯ್ಡ್ ಹೊಲಸು ನೀರು, ಊಟದಿಂದ ಬರ್ತದ. ನಾ ಹೇಳೋ ಟೈಫಸ್ ಇಲಿ ಮೈಮ್ಯಾಲಿನ ಚಿಗಟದಿಂದ.

ಹಿಂದಕ ಟೈಫಸ್ ಅಂದ್ರ ಹೇನಿನ ರೋಗ ಅಂತನ ತಿಳಿದಿದ್ರು. ಅಮೆರಿಕಾದ ಅಲಬಾಮಾ, ಜಾರ್ಜಿಯಾ ಕಡೆ ಕೆನೆತ್ ಮ್ಯಾಕ್ಸಿ ಅನ್ನೋ ಡಾಕ್ಟರು ನೋಡಿದ್ರ, ಹೇನಿಗೂ ಈ ಜ್ವರಕ್ಕೂ ತಾಳೆನ ಆಗವಲ್ದು. ಕಿರಾಣಿ ಅಂಗಡಿ, ಖಾನಾವಳಿಯಾಗ ದುಡಿಯೋರಿಗೆ ಜಾಸ್ತಿ ಬರ್ತಿತ್ತು. ಕಾಳು ಇದ್ದಲ್ಲಿ ಇಲಿ! 1926ರಾಗ ಅವರು ಇಲಿ ಮ್ಯಾಲೆ ಅನುಮಾನ ಅದ ಅಂತ ಬರದ್ರು. 1931ರಾಗ ಬಾಲ್ಟಿಮೋರ್ ಊರಾಗ ಇಲಿ ಚಿಗಟದಾಗನ ರೋಗಾಣು ಸಿಕ್ತು.

ಚಿಗಟ ಕಡಿದಲ್ಲಿ ತುರಿಸಿಕೊಂಡ್ರ ಅದರ ಹಿಕ್ಕಿ ಗಾಯದಾಗ ಸೇರ್ತದ. ಇಲಿ ಸತ್ರ ಚಿಗಟ ನಮ್ಮ ಕಡೆ ಹಾರ್ತಾವ. ಅದಕ್ಕ ಮೊದಲು ಚಿಗಟಕ್ಕ ಔಷಧ, ಆಮ್ಯಾಲೆ ಇಲಿಗೆ.

ಜ್ವರ, ತಲಿನೋವು, ಕೆಲವರಿಗೆ ಐದಾರು ದಿನಕ್ಕ ಎದಿ-ಹೊಟ್ಟಿ ಮ್ಯಾಲೆ ಕೆಂಪು ಗುಳ್ಳಿ. ಡಾಕ್ಸಿಸೈಕ್ಲಿನ್ ಗುಳಿಗಿಗೆ ಇದು ಬಗ್ಗತದ, ಆದ್ರ ಡಾಕ್ಟರಿಗೆ ಅನುಮಾನ ಬರಬೇಕಲ್ಲ? "ಮನ್ಯಾಗ ಇಲಿ ಅದಾವ್ರಿ" ಅಂತ ನಾಚ್ಕೊಳ್ಳದ ಹೇಳ್ರಿ.